ಹಗುರವಾದ ಹಸಿರು ಡಬ್ಬ

ಮುಚ್ಚಳದಮ್ಮ ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡದ್ದೇ ತಡ, ಮಾವನ ಊಟದಂಗಡಿಯಲ್ಲಿ ತಟ್ಟೆ ಎತ್ತುತ್ತಿದ್ದ ಸೊಸೆ ಒಮ್ಮೆ ಅಡುಗೆಮನೆಯ ಕಡೆ ತಿರುಗಿ ನೋಡಿದಳು. ನಗರಸಭೆಯ ಈ ತಪಾಸಣಾಧಿಕಾರಿಗೆ ಆ ಹೆಸರಿಟ್ಟವನು ಎದುರಂಗಡಿಯ ಕ್ಷೌರಿಕ. ಹೋದಲ್ಲೆಲ್ಲ ಆಕೆ ಮೊದಲು ಎತ್ತುವುದು ಕಸದ ಡಬ್ಬದ ಮುಚ್ಚಳವನ್ನೇ.

ಊಟ ಬಡಿಸುವ ಅಂಗಡಿಗಳೆಲ್ಲ ಹಸಿ ಕಸವನ್ನು ಹಸಿರು ಡಬ್ಬಕ್ಕೆ, ಒಣ ಕಸವನ್ನು ಕಪ್ಪು ಚೀಲಕ್ಕೆ ಬೇರೆ ಮಾಡಿಯೇ ಹಾಕಬೇಕು, ಹಸಿ ಕಸ ಗೊಬ್ಬರದ ಘಟಕಕ್ಕೇ ಹೋಗಬೇಕು ಎಂಬ ನಿಯಮ ಬಂದಿತ್ತು. ಡಬ್ಬ ಅಡುಗೆಮನೆಯೊಳಗೇ ಇರಬೇಕೆಂದೂ ಅದರಲ್ಲಿತ್ತು. ಕಸ ಬೆರೆಸಿದ್ದಕ್ಕೆ ಈ ಅಂಗಡಿಗೆ ಮೊದಲ ಸಲ ಎಚ್ಚರಿಕೆ ಸಿಕ್ಕಿತ್ತು, ಎರಡನೇ ಸಲ ದಂಡ ಬಿದ್ದಿತ್ತು. ಇನ್ನೊಮ್ಮೆ ಸಿಕ್ಕಿಬಿದ್ದರೆ ಬೀಗ. ಎರಡೂ ಸಲ ಮಾವ ಮಧ್ಯಾಹ್ನದ ನಿದ್ದೆಯಲ್ಲಿದ್ದರು. ಸೊಸೆ ಹಿತ್ತಲ ಬಾಗಿಲಲ್ಲೇ ಮಾತು ಮುಗಿಸಿ ಕಳಿಸಿದ್ದಳು. ಈ ಸಲ ಮುಚ್ಚಳದಮ್ಮ ಊಟದ ಹೊತ್ತಿಗೇ ಬರುತ್ತಿದ್ದರು. ಮಾವ ಒಲೆಯ ಮುಂದೆಯೇ ಇದ್ದರು.

"ಅಕ್ಕ, ಇವತ್ತೂ ಹೊಟ್ಟೆ ಸರಿ ಇಲ್ಲ," ಎಂದು ಕ್ಷೌರಿಕ ಮುಕ್ಕಾಲು ಉಳಿದ ಸೂಪಿನ ಬಟ್ಟಲನ್ನು ಮುಂದೆ ತಳ್ಳಿದ.

"ನಿನ್ನ ಹೊಟ್ಟೆ ಹದಗೆಟ್ಟು ಎಷ್ಟು ಕಾಲ ಆಯ್ತಪ್ಪ? ಡಾಕ್ಟರಿಗೆ ತೋರಿಸು."

"ತೋರಿಸಿದೆ. ಸಮುದ್ರ ಕುಡೀಬೇಡ ಅಂದ್ರು," ಎಂದು ಪಿಸುಗುಟ್ಟಿದ ಅವನು, ಅಡುಗೆಮನೆಯ ಕಡೆ ಕಣ್ಣು ಹಾಯಿಸಿ, ಬಾಯಿ ಮುಚ್ಚಿಕೊಂಡ.

ಚಳಿಗಾಲದ ಜ್ವರ ಬಿಟ್ಟ ಮೇಲೆ ಮಾವನ ಕೈ ಹದ ತಪ್ಪಿತ್ತು. ಒಮ್ಮೆ ಪಕ್ಕದಲ್ಲೇ ಹಾಲು ಸೀದು ಕರಕಲಾದರೂ ಅವರು ಕ್ಯಾರೆಟ್ ಹೆಚ್ಚುತ್ತಲೇ ಕೂತಿದ್ದರು. ಅವರಿಗೆ ವಾಸನೆ, ರುಚಿ ಎರಡೂ ತಿಳಿಯುತ್ತಿಲ್ಲ ಎಂದು ಅಂದೇ ಸೊಸೆಗೆ ಅರ್ಥವಾಗಿತ್ತು. ಆದರೆ ಆ ಕೈಯನ್ನೇ ನಂಬಿ ನಡೆದ ಅಂಗಡಿ ಅದು. ಗಂಡ ತೀರಿಕೊಂಡ ಮೇಲೆ ಉಳಿದವರೂ ಅವರಿಬ್ಬರೇ. ನಿಮ್ಮ ಅಡುಗೆ ಬಾಯಿಗಿಡಲು ಆಗುತ್ತಿಲ್ಲ ಎಂದು ಯಾವ ಬಾಯಿಂದ ಹೇಳುವುದು? ತಟ್ಟೆಗಳಲ್ಲಿ ಉಳಿದದ್ದನ್ನೆಲ್ಲ ಅವಳು ಹೊರಗಿನ ಪಡಸಾಲೆಯಲ್ಲೇ ಕಪ್ಪು ಚೀಲಕ್ಕೆ ಬಳಿದು, ಮೇಲೆ ಕಾಗದ ತುರುಕಿ, ಗಂಟು ಬಿಗಿದು ಖಾಲಿ ತಟ್ಟೆಗಳನ್ನು ಒಳಗೆ ಒಯ್ಯುತ್ತಿದ್ದಳು. ಹಸಿರು ಡಬ್ಬಕ್ಕೆ ಬೀಳುತ್ತಿದ್ದದ್ದು ತರಕಾರಿ ಸಿಪ್ಪೆ ಮಾತ್ರ.

ಮುಚ್ಚಳದಮ್ಮ ಸೀದಾ ಒಳಗೆ ಹೋಗಿ ಮುಚ್ಚಳ ಎತ್ತಿದರು. ಹಿಡಿಕೆ ಹಿಡಿದು ಡಬ್ಬವನ್ನು ಮೇಲೆತ್ತಿ ಇಳಿಸಿದರು.

"ಇಷ್ಟು ಹಗುರಾನಾ? ಪಕ್ಕದ ಗಿರಣಿಯ ಕೆಲಸಗಾರರೆಲ್ಲ ಇಲ್ಲೇ ಉಣ್ತಾರೆ. ತಟ್ಟೆ ನೆಕ್ಕಿ ಎದ್ದು ಹೋಗ್ತಾರೇನು?"

"ಹೌದು ಮೇಡಂ," ಎಂದರು ಮಾವ ಸೌಟು ಹಿಡಿದೇ. "ನಮ್ಮಲ್ಲಿ ತಟ್ಟೆ ಖಾಲಿಯಾಗೇ ಬರುತ್ತೆ. ನಂಬಿಕೆ ಇಲ್ದಿದ್ರೆ ನನ್ನ ಸೊಸೇನ ಕೇಳಿ."

ಸೊಸೆ ತಲೆಯಾಡಿಸಿದಳು.

"ನಿಮ್ಮ ಕಪ್ಪು ಚೀಲ ಕಲ್ಲಿನ ಹಾಗೆ ಭಾರ ಅಂತ ಲಾರಿಯವರು ಹೇಳ್ತಾರಲ್ಲ?"

"ಕಾಗದ ಮೇಡಂ. ನೆನೆದಿರಬೇಕು," ಎಂದಳು ಸೊಸೆ.

"ಬಿಚ್ಚಿ ತೋರಿಸಿ."

"ಗಲೀಜು ಮೇಡಂ, ಗಿರಾಕಿಗಳು ಕೂತಿದ್ದಾರೆ…"

"ಅದಕ್ಯಾಕೆ ಹಿಂದೇಟು?" ಮಾವನ ಮುಖ ಕೆಂಪಾಯಿತು. "ನಮ್ಮ ಮೇಲೇ ಗುಮಾನಿಯಾ? ಹಿತ್ತಲಿಗೆ ಬನ್ನಿ ಮೇಡಂ, ನಾನೇ ತೋರಿಸ್ತೀನಿ."

"ಮಾವ, ಬೇಡಿ…"

ಅವರು ಕೇಳಲಿಲ್ಲ. ಪಡಸಾಲೆಯ ಮೂಲೆಯಲ್ಲಿದ್ದ ಚೀಲವನ್ನು ಎಳೆದುಕೊಂಡು ಹಿತ್ತಲಿಗೆ ನಡೆದರು. ಎಳೆಯುವಾಗಲೇ ಅವರ ಹೆಜ್ಜೆ ಒಮ್ಮೆ ತಡೆಯಿತು. ಭಾರ ಕೈಗೆ ತಿಳಿದಿರಬೇಕು. ಸೊಸೆ ಓಡಿಹೋಗಿ ಗಂಟಿನ ಮೇಲೆ ಕೈಯಿಟ್ಟಳು. ಮಾವ ಆ ಕೈಯನ್ನು ನೋಡಿದರು, ಅವಳ ಮುಖ ನೋಡಿದರು. ಆಮೇಲೆ ಮೆಲ್ಲಗೆ ಅವಳ ಬೆರಳು ಬಿಡಿಸಿ, ತರಕಾರಿ ಚಾಕುವಿನಿಂದ ಚೀಲ ಸೀಳಿದರು.

ಮೊದಲು ಕಾಗದ ಬಿತ್ತು. ಅದರ ಹಿಂದೆಯೇ ಸೂಪಿನಲ್ಲಿ ನೆನೆದ ಬ್ರೆಡ್ಡು, ಬೆಂದ ಆಲೂಗಡ್ಡೆ, ಓರೆಯಾಗಿ ಹೆಚ್ಚಿದ ಕ್ಯಾರೆಟ್ ಕಲ್ಲು ಹಾಸಿನ ಮೇಲೆಲ್ಲ ಹರಡಿಕೊಂಡವು. ಹಾಗೆ ಓರೆಯಾಗಿ ಹೆಚ್ಚುವವರು ಆ ಬೀದಿಯಲ್ಲಿ ಮಾವ ಒಬ್ಬರೇ.

ಒಳಗೆ ಸೂಪು ಕೊತಕೊತ ಕುದಿಯುವುದು ಕೇಳಿಸುತ್ತಿತ್ತು.

"ತಪ್ಪು ನಂದು ಮೇಡಂ," ಎಂದಳು ಸೊಸೆ. "ಅವರಿಗೆ ಏನೂ ಗೊತ್ತಿಲ್ಲ. ಸೋಮಾರಿತನ ಮಾಡಿದೆ."

"ಸೋಮಾರಿಗಳು ಇಷ್ಟು ಅಚ್ಚುಕಟ್ಟಾಗಿ ಮುಚ್ಚಿಡಲ್ಲಮ್ಮ," ಎಂದು ಮುಚ್ಚಳದಮ್ಮ ಚೀಲದಿಂದ ಕಣ್ಣು ತೆಗೆದು ಮುದುಕನನ್ನು ನೋಡಿದರು. ಆಕೆಗೂ ಏನೋ ಹೊಳೆದಂತಿತ್ತು.

ಮಾವ ಕುಕ್ಕುರುಗಾಲಲ್ಲಿ ಕೂತರು. ಒಂದು ಕ್ಯಾರೆಟ್ ಹೋಳು ಎತ್ತಿ ಮೂಗಿಗೆ ಹಿಡಿದರು. ಏನೂ ತಿಳಿಯಲಿಲ್ಲವೆಂಬಂತೆ ಕೆಳಗಿಟ್ಟರು.

"ಹಾಲು ಸೀದ ದಿನ ಪಾತ್ರೆ ತಳ ಕಪ್ಪಾಗಿದ್ದು ಕಣ್ಣಿಗೆ ಬಿತ್ತು. ಅಷ್ಟರಿಂದಲೇ ಗೊತ್ತಾಯ್ತು ನಂಗೆ," ಎಂದರು. "ಅವತ್ತಿಂದ ಉಪ್ಪು ಅಂದಾಜಿನ ಮೇಲೆ. ಒಂದು ಹಿಡಿ ಜಾಸ್ತಿ ಹಾಕಿ, ಸಂಜೆ ಈ ಹಸಿರು ಡಬ್ಬ ಎತ್ತಿ ನೋಡ್ತಿದ್ದೆ. ಹಗುರ ಇದ್ರೆ, ಸದ್ಯ, ಜನಕ್ಕೆ ಹಿಡಿಸ್ತು ಅಂತ. ನಾಲಿಗೆ ಹೋದ ಮೇಲೆ ಅದೇ ನನ್ನ ನಾಲಿಗೆ ಆಗಿತ್ತು ಮಗಳೇ. ಅದಕ್ಕೂ ಸುಳ್ಳು ಹೇಳೋದು ಕಲಿಸಿಬಿಟ್ಟೆಯಲ್ಲ."

ಅವರನ್ನು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದ ಸೊಸೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದಳು.

ಮುಚ್ಚಳದಮ್ಮ ರಸೀದಿ ಪುಸ್ತಕ ತೆಗೆದರು. "ದಂಡ ತಪ್ಪಿಸೋಕಾಗಲ್ಲ. ಆದ್ರೆ ಸಂಜೆ ಲಾರಿ ಬರೋದ್ರೊಳಗೆ ಇದನ್ನೆಲ್ಲ ಬೇರೆ ಮಾಡಿ ಹಸಿರು ಡಬ್ಬಕ್ಕೆ ಹಾಕಿದ್ರೆ ಬೀಗದ ಮಾತು ಎತ್ತಲ್ಲ. ಸೂಪು ಸುರೀಬೇಡಿ, ಸೋಸಿ ಹಾಕಿ. ನಾಳೆ ಮತ್ತೆ ಬಂದು ಎತ್ತಿ ನೋಡ್ತೀನಿ."

"ಎತ್ತೋಕೆ ಇನ್ನೊಬ್ಬರನ್ನ ಕರ್ಕೊಂಡು ಬನ್ನಿ," ಎಂದರು ಮಾವ. "ಭಾರ ಇರುತ್ತೆ."

ಮುಚ್ಚಳದಮ್ಮ ದಂಡದ ಚೀಟಿ ಹರಿದು ಕೊಟ್ಟು ಹೊರಟರು.

ಮಾವ, ಸೊಸೆ ಇಬ್ಬರೂ ಕಲ್ಲು ಹಾಸಿನ ಮೇಲೆ ಕೂತು ಕಾಗದ ಬೇರೆ, ಬ್ರೆಡ್ಡು ಬೇರೆ ಮಾಡಿದರು. ಡಬ್ಬ ಕಂಠಮಟ್ಟ ತುಂಬಿತು. ಕೈ ತೊಳೆದು ಬಂದ ಮಾವ, ಕುದಿಯುತ್ತಿದ್ದ ಪಾತ್ರೆಯಿಂದ ಒಂದು ಚಮಚ ಸೂಪು ತೆಗೆದು, ಊದಿ ಆರಿಸಿ ಸೊಸೆಯ ಮುಂದೆ ಹಿಡಿದರು.

"ಹೇಳು. ನನ್ನ ಮುಖ ನೋಡಬೇಡ, ಸೂಪು ನೋಡಿ ಹೇಳು."

ಅವಳು ಕುಡಿದಳು. ನಾಲಿಗೆ ಚುರುಗುಟ್ಟಿತು. ಹೊರಗೆ ಗಿರಣಿಯವರು ಬೆಂಚು ಎಳೆದು ಕೂರುವ ಸದ್ದಾಯಿತು.

"ಉಪ್ಪು ಜಾಸ್ತಿ ಮಾವ," ಎಂದಳು. "ತುಂಬಾ ಜಾಸ್ತಿ."

ಮಾವ ಒಲೆ ಆರಿಸಿದರು. ತಮ್ಮ ಬಲಗೈ ಪಕ್ಕದಲ್ಲೇ ಇರುತ್ತಿದ್ದ ಉಪ್ಪಿನ ಡಬ್ಬಿಯನ್ನು ಅವಳ ಕಡೆಗೆ ಸರಿಸಿ, ಕ್ಯಾರೆಟ್ ಹೆಚ್ಚಲು ಕೂತರು.