ಹಗಲು ನಿದ್ದೆಯ ಕಾವಲು

ತಿಮ್ಮಯ್ಯ ಎರಡೂ ಮುಷ್ಟಿಗಳಿಂದ ಗುದ್ದುತ್ತಿದ್ದ. ಸದ್ದು ಬಾಗಿಲ ಮೈಯಲ್ಲೇ ಇಂಗಿಹೋಗುತ್ತಿತ್ತು, ಹತ್ತಿಮೂಟೆಗೆ ಹೊಡೆದ ಹಾಗೆ.

"ಬಾವ! ಬಾಗ್ಲು ತಗೀರಿ ಬಾವ! ಒತ್ತಾಯ್ತದೆ!"

ಹೊರಗೆ ಬೀದಿಯಲ್ಲಿ ತಮಟೆಯವರು ಹುಲ್ಲು ಹೊತ್ತಿಸಿ ತಮಟೆ ಕಾಯಿಸುತ್ತಿದ್ದರು. ಜಗಲಿಯ ಮೇಲೆ ಬೆಳ್ಳಮ್ಮನನ್ನು ಕೂರಿಸಿ, ತಮ್ಮ ತಿಮ್ಮಯ್ಯ ಬೆಸಗರಹಳ್ಳಿಯಿಂದ ತಂದ ತವರಿನ ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಮಡಿಲಿಗೆ ಅಕ್ಕಿ ತುಂಬಿದ್ದಾಗಿತ್ತು. ಇನ್ನು ಗಂಡ ಬಂದು ಹಣೆಗೆ ಕುಂಕುಮ ಇಟ್ಟರೆ ಎತ್ತುವುದೊಂದೇ ಬಾಕಿ. ಆ ಗಂಡ ಕೆಂಪರಾಜು, ಹೆಣಕ್ಕೆ ನೀರು ಹಾಕುವವರೆಗೂ ಕಂಬಕ್ಕೆ ಒರಗಿ ನಿಂತಿದ್ದವನು, ಯಾರ ಕಣ್ಣಿಗೂ ಬೀಳದೆ ಒಳಕೋಣೆ ಸೇರಿ ಚಿಲಕ ಹಾಕಿಕೊಂಡಿದ್ದ.

"ಏನಾರಾ ಮಾಡ್ಕೊಂಡ್ ಗೀಡ್ಕೊಂಡಾರು ಕಣಮ್ಮ," ಯಾರೋ ಹೆಂಗಸು ಪಿಸುಗುಟ್ಟಿದಳು.

ಅದು ತಿಮ್ಮಯ್ಯನ ಕಿವಿಗೆ ಬಿತ್ತು. ಮತ್ತೆ ಗುದ್ದಿದ.

"ಕೈ ನೋಯಿಸ್ಕೋಬ್ಯಾಡಿ ತಿಮ್ಮಯ್ನೋರೆ," ಹಿಂದಿನಿಂದ ಹಾಸಿಗೆ ಹೊಲಿಯುವ ಜಹಾಂಗೀರ್ ಹೇಳಿದ. ವಯಸ್ಸಾಗಿ ಬೆನ್ನು ಬಾಗಿತ್ತು. "ಆ ಬಾಗ್ಲಿಗೆ ಒಳಗಿಂದ ಆಸ್ಗೆ ಒಲ್ದಿರೋನು ನಾನೇ. ಎಷ್ಟು ಬಡುದ್ರೂ ಮಂಚದ್ ತಾವ್ಕೆ ಓಗಾಕಿಲ್ಲ."

*

ಬೆಳ್ಳಮ್ಮ ಮದ್ದೂರಿನ ಆ ಮನೆಗೆ ಸಂಸಾರ ಹೂಡಲು ಬಂದಾಗ ಪಕ್ಕದಲ್ಲಿ ಹುಣಸೆಮರವಿದ್ದ ಖಾಲಿ ಜಾಗವಿತ್ತು. ಮಗಳು ವೀಣ ಹುಟ್ಟಿದ ವರ್ಷ ಅಲ್ಲಿ ಕಲ್ಯಾಣ ಮಂಟಪ ಎದ್ದಿತು. ಕೆಂಪರಾಜು ರಾತ್ರಿ ಬಸ್ಸಿನ ಡ್ರೈವರು. ಬೆಳಕು ಹರಿದ ಮೇಲೆ ಮನೆಗೆ ಬಂದು, ಉಂಡು, ಸಂಜೆಯವರೆಗೆ ಮಲಗಬೇಕು. ಅವನು ಕಣ್ಣು ಮುಚ್ಚುವ ಹೊತ್ತಿಗೆ ಸರಿಯಾಗಿ ಮಂಟಪದಲ್ಲಿ ವಾಲಗ ಶುರುವಾಗುತ್ತಿತ್ತು, ಬ್ಯಾಂಡು ಬರುತ್ತಿತ್ತು, ಮೈಕಿನವನು ಹಲೋ ಹಲೋ ಎನ್ನುತ್ತಿದ್ದ. ಕೆಂಪರಾಜು ಕಿವಿಯ ಮೇಲೆ ದಿಂಬು ಒತ್ತಿಕೊಂಡು ಹೊರಳುತ್ತಿದ್ದ.

ಒಂದು ಬೆಳಿಗ್ಗೆ ಬಂದವನು ಖಾಕಿ ಶರ್ಟು ಬಿಚ್ಚದೆ ಜಗಲಿಯ ಮೇಲೆ ಕೂತುಬಿಟ್ಟ.

"ಕಣ್ ಮುಚ್ಚೋದ್ವು ಕಣೆ," ಎಂದ. "ಒಂದೇ ಗಳಿಗೆ. ಕಣ್ ಬುಟ್ಟಾಗ ಬಸ್ಸು ಸೇತ್ವೆ ಕಟ್ಟೆ ಉಜ್ತಾ ಇತ್ತು. ಇಂದ್ಗಡೆ ಎಲ್ಲಾ ಮಲ್ಗಿದ್ರು, ಮಕ್ಳು ಮರಿ ಎಲ್ಲಾ. ಒಬ್ರಿಗೂ ಗೊತ್ತಾಗ್ಲಿಲ್ಲ."

ಬೆಳ್ಳಮ್ಮ ಒಳಗಿಂದ ಚೊಂಬು ತಂದು ಅವನ ಕೈಗಳ ಮೇಲೆ ನೀರು ಹುಯ್ದಳು. ಅಂದೇ ಮಂಟಪದವರ ಹತ್ತಿರ ಹೋಗಿ ಕೇಳಿಕೊಂಡಳು. ಸದ್ದಿಲ್ಲದೆ ಮದುವೆ ಎಲ್ಲಾದರೂ ಉಂಟೇ ಎಂದು ಅವರು ನಕ್ಕರು. ಅಲ್ಲಿಂದ ನೇರ ಪೇಟೆ ಬೀದಿಯ ಜಹಾಂಗೀರನ ಅಂಗಡಿಗೆ ನಡೆದಳು.

"ಸದ್ದು ಒಳೀಕೆ ಬರಬಾರ್ದು ಸಾಬ್ರೆ. ಏನ್ ಮಾಡಾದು?"

"ನಾನು ಆಸ್ಗೆ ಒಲಿಯೋನು ಕಣಮ್ಮ, ಸದ್ದ ಎಂಗ್ ಇಡ್ಕೊಳ್ಳಿ?" ಎಂದ ಜಹಾಂಗೀರ್, ಆಮೇಲೆ ಸುತ್ತಲೂ ಪೇರಿಸಿದ್ದ ಹತ್ತಿಯನ್ನು ನೋಡಿ ಯೋಚಿಸಿದ. "ಒಂದ್ ಮಾತು. ಈ ಅತ್ತಿ ನಡುವೆ ಕುಂತ್ರೆ, ನಮ್ ಬಿಬಿ ಜಾನ್ ಬಾಗ್ಲಲ್ಲಿ ನಿಂತ್ ಬೈದ್ರೂ ನಂಗೆ ಕೇಳಾಕಿಲ್ಲ."

ಹಳೆಯ ಹಾಸಿಗೆಗಳ ಹತ್ತಿ ಬಿಡಿಸಿ ಇಬ್ಬರೂ ಒಳಕೋಣೆಯ ಗೋಡೆಯ ಅಳತೆಗೆ ಹಾಸಿಗೆ ಹೊಲಿದರು. ಕಿಟಕಿಗೆ ಎರಡು ಪದರ. ಸೈಕಲ್ ಟ್ಯೂಬು ಸೀಳಿ ಬಾಗಿಲ ಚೌಕಟ್ಟಿನ ಸಂದಿಗೆ ಬಡಿದರು. ಹೆಂಚಿನ ಕೆಳಗೆ ತೆಂಗಿನ ನಾರಿನ ಚಾಪೆ ಕಟ್ಟಿದರು. ಕೆಂಪರಾಜು ಒಳಗೆ ಮಲಗಿದ ಮೊದಲ ಮಧ್ಯಾಹ್ನ ಬೆಳ್ಳಮ್ಮ ಬಾಗಿಲಾಚೆ ನಿಂತು ಹಿತ್ತಾಳೆ ತಟ್ಟೆ ಬಡಿದಳು. ಅವನು ಏಳಲಿಲ್ಲ. ಅವಳು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.

ಆದರೂ ಅವಳಿಗೆ ಸಮಾಧಾನವಾಗಲಿಲ್ಲ. ಹತ್ತಿಯನ್ನು ದಾಟಿ ಬರುವ ಸದ್ದೂ ಇರಬಹುದಲ್ಲ. ಕುಕ್ಕರ್ ಬಿಟ್ಟು ಮತ್ತೆ ಪಾತ್ರೆಯಲ್ಲಿ ಅನ್ನ ಬೇಯಿಸತೊಡಗಿದಳು. ಪಾತ್ರೆಗಳನ್ನು ಗೋಣಿತಾಟಿನ ಮೇಲೆ ತೊಳೆದಳು. ರವಿಕೆ ಹೊಲಿದು ನಾಲ್ಕು ಕಾಸು ಕಾಣುತ್ತಿದ್ದ ಹೊಲಿಗೆ ಯಂತ್ರ ಕಟಕಟ ಎನ್ನುತ್ತದೆಂದು ಅದನ್ನು ಮಾರಿ, ಸೀರೆಗೆ ಕುಚ್ಚು ಕಟ್ಟುವ ಕೆಲಸ ಹಿಡಿದಳು. ರೇಷ್ಮೆ ಎಳೆಗೆ ಸದ್ದಿಲ್ಲ. ಜಗಲಿಯಲ್ಲಿ ಕೂತು ಕುಚ್ಚು ಕಟ್ಟುತ್ತಾ ಬೀದಿ ಕಾದಳು. ಸೊಪ್ಪಿನವಳು ಆ ಮನೆಯ ಮುಂದೆ ಕೂಗುವುದನ್ನು ಬಿಟ್ಟಳು. ಹುಡುಗರು ಬೈಕಿನ ಎಂಜಿನ್ ಆರಿಸಿ ತಳ್ಳಿಕೊಂಡು ಹೋಗುವುದನ್ನು ಕಲಿತರು. ಹೊಸಬರು ಅದನ್ನು ನೋಡಿ, ಕಾರಣ ಗೊತ್ತಿಲ್ಲದೆಯೇ, ಅಲ್ಲಿ ದನಿ ತಗ್ಗಿಸಿ ನಡೆದರು.

*

"ಆರೆ ತತ್ತಾ, ಬಾಗ್ಲ ಮೀಟಾನ," ತಿಮ್ಮಯ್ಯ ಬಾಗಿಲಿಂದ ಹಿಂದೆ ಸರಿದು ಕೂಗಿದ.

"ಬ್ಯಾಡ ಮಾವ, ತಾಳು," ಎಂದಳು ವೀಣ. ಮಳವಳ್ಳಿಯ ಗಂಡನ ಮನೆಯಿಂದ ಹಿಂದಿನ ರಾತ್ರಿ ಸುದ್ದಿ ತಿಳಿದು ಓಡಿಬಂದಿದ್ದಳು. ಇನ್ನೂ ಅದೇ ಸೀರೆಯಲ್ಲಿದ್ದಳು. "ಅವ್ವ ಇಂಗೆಲ್ಲಾ ಬಡಿತಿರ್ಲಿಲ್ಲ."

ಅಡಿಗೆಮನೆಗೆ ಹೋದಳು. ಈ ಮನೆಯ ಮೌನ ಅವಳಿಗೆ ಹುಡುಗಿಯಾಗಿದ್ದಾಗ ಬೇಡವಾಗಿತ್ತು. ಗೆಳತಿಯರು ಯಾರೂ ಬರುತ್ತಿರಲಿಲ್ಲ. ನಗು ಬಂದರೆ ಹಿತ್ತಲಿಗೆ ಓಡಬೇಕಿತ್ತು. ನಮ್ಮನೆ ಏನು ಸಾವಿನ ಮನೆಯೇ ಎಂದು ಒಮ್ಮೆ ಅತ್ತಿದ್ದಳು, ಅದೂ ಸದ್ದಿಲ್ಲದೆ. ಬೆಳ್ಳಮ್ಮ ಎಳೆ ಹೊಸೆಯುವುದನ್ನು ನಿಲ್ಲಿಸಿ ಅವಳನ್ನು ಹತ್ತಿರಕ್ಕೆ ಎಳೆದುಕೊಂಡಿದ್ದಳು. "ನಿಮ್ಮಪ್ಪನ ಇಂದೆ ದಿನಾ ಒಂದ್ ಬಸ್ಸು ಜನ ನಿದ್ದೆ ಮಾಡ್ತಾರೆ ಕಣವ್ವ," ಎಂದಿದ್ದಳು.

ಕಾಫಿ ಡಬ್ಬಿಯ ಮೇಲೆ, ಒಳಕೋಣೆಯ ಗೋಡೆಯ ಚಿಕ್ಕ ತೂತಿನಿಂದ, ಕುಚ್ಚಿನ ಎಳೆಗಳನ್ನು ಹೊಸೆದು ಮಾಡಿದ ದಾರವೊಂದು ಹೊರಬಂದು ಮೊಳೆಗೆ ಸುತ್ತಿಕೊಂಡಿತ್ತು. ಅದರ ಆಚೆಯ ತುದಿಯ ಕುಣಿಕೆಯನ್ನು ಕೆಂಪರಾಜು ಮಲಗುವಾಗ ಮಣಿಕಟ್ಟಿಗೆ ಸಿಕ್ಕಿಸಿಕೊಳ್ಳುತ್ತಿದ್ದ. ಹೊತ್ತಾದಾಗ ಬೆಳ್ಳಮ್ಮ ಇಲ್ಲಿಂದ ಎರಡು ಸಲ ಜಗ್ಗುತ್ತಿದ್ದಳು.

ವೀಣ ದಾರ ಬಿಚ್ಚಿ ಎಳೆದಳು. ಅದು ಸಡಿಲವಾಗಿ ಬಂತು. ಬರುತ್ತಲೇ ಇತ್ತು. ಆಮೇಲೆ ಎಲ್ಲೋ ಒಂದು ಭಾರಕ್ಕೆ ತಾಗಿ ನಿಂತಿತು. ಎರಡು ಸಲ ಜಗ್ಗಿದಳು. ಹೊರಗೆ ತಮಟೆ ಶುರುವಾಯಿತು. ಗೋಡೆಗೆ ಹಣೆ ಆನಿಸಿ ನಿಂತಳು.

ಆಚೆಯಿಂದ ದಾರ ಮೆಲ್ಲಗೆ, ಎರಡು ಸಲ ಜಗ್ಗಿತು.

ಚಿಲಕ ತೆರೆದಾಗ ಕೆಂಪರಾಜು ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದ. ಕುಣಿಕೆ ಕೈಯಲ್ಲೇ ಇತ್ತು.

"ಬೆಳ್ಳಿ, ಟೈಮಾಯ್ತಾ?" ಎಂದ. ಎದುರಿಗೆ ಜನ ಕಂಡರು. ಅವನ ಮುಖ ನಿಧಾನವಾಗಿ ಬದಲಾಯಿತು.

"ಬಸ್ಸಲ್ಲಿ ಇದ್ಲು ಕಣ್ಲಾ," ಎಂದು ತಿಮ್ಮಯ್ಯನ ತೋಳು ಹಿಡಿದ. "ನನ್ ಇಂದ್ಲ ಸೀಟಲ್ಲಿ. ಒಳಗಿನ್ ಲೈಟೆಲ್ಲಾ ಆರ್ಸಿದ್ದೆ. ಕಬ್ಬಿನ್ ಗದ್ದೆ ನಡುವೆ ಓಯ್ತಾ ಇದ್ದೊ, ರೋಡು ನೀರಿನಂಗೆ ಇತ್ತು, ಚಕ್ರದ್ ಸದ್ದೇ ಇಲ್ಲ. ಎಲ್ರೂ ಮಲ್ಗಿದ್ರು. ಅವ್ಳೂ ಕಿಟ್ಕಿಗೆ ತಲೆ ಕೊಟ್ಟು ಮಲ್ಗಿದ್ಲು. ಮಲ್ಕೊ, ಇನ್ನೂ ದೂರ ಅದೆ, ಅಂದೆ."

ತಿಮ್ಮಯ್ಯ ಟವೆಲಿನಿಂದ ಮುಖ ಒರೆಸಿಕೊಂಡ. "ತಮಟೆ ನಿಲ್ಸನಾ ಬಾವ?"

"ಯಾಕ್ಲಾ? ಬಡೀಲಿ ಬುಡು."

ಜಗಲಿಗೆ ಬಂದು ಅವಳ ಎದುರು ಕುಕ್ಕರುಗಾಲಲ್ಲಿ ಕೂತ. ನಿನ್ನೆಯೂ ಅವಳು ಇದೇ ಜಾಗದಲ್ಲಿ, ಮಡಿಲಲ್ಲಿ ಅರ್ಧ ಕುಚ್ಚು ಕಟ್ಟಿದ ಸೀರೆ ಇಟ್ಟುಕೊಂಡು, ಕಂಬಕ್ಕೆ ಒರಗಿ ಹೋಗಿಬಿಟ್ಟಿದ್ದಳು. ಮಧ್ಯಾಹ್ನವೆಲ್ಲಾ ಬೀದಿಯ ಜನ ಓಡಾಡಿದ್ದರು. ಪಾಪ, ಒಂದು ದಿನ ತೂಕಡಿಸಿದ್ದಾಳೆ ಎಂದುಕೊಂಡು ಕಾಲ್ಸಪ್ಪಳ ಮಾಡದೆ ಹೋಗಿದ್ದರು. ನಿವೃತ್ತನಾದ ಮೇಲೂ ಹಗಲೇ ನಿದ್ದೆ ಬರುತ್ತಿದ್ದ ಕೆಂಪರಾಜು, ದಾರ ಯಾಕೆ ಇನ್ನೂ ಜಗ್ಗಲಿಲ್ಲ ಎಂದು ತಾನಾಗಿ ಎದ್ದು ಹೊರಗೆ ಬಂದಾಗ ದೀಪ ಹಚ್ಚುವ ಹೊತ್ತಾಗಿತ್ತು.

ಕುಂಕುಮ ಇಟ್ಟ. ಬೆರಳು ಹಣೆಯಿಂದ ತೆಗೆಯಲು ಸ್ವಲ್ಪ ತಡವಾಯಿತು.

*

ತಮಟೆಯ ಹಿಂದೆ ಬೀದಿ ದಾಟಿ, ಪೇಟೆ ದಾಟಿ, ಶಿಂಷೆಯ ದಡದ ಗುಣಿಯವರೆಗೆ ಕೆಂಪರಾಜು ಹೆಗಲು ಬದಲಿಸದೆ ನಡೆದ. ಇಷ್ಟು ಬಿಸಿಲಲ್ಲಿ ತನ್ನದೇ ಊರಲ್ಲಿ ನಡೆದು ಅವನಿಗೆ ರೂಢಿಯಿರಲಿಲ್ಲ. ಅಂಗಡಿಗಳ ಬೋರ್ಡುಗಳನ್ನು ಹೊಸ ಊರಿಗೆ ಬಂದವನಂತೆ ನೋಡುತ್ತಿದ್ದ. ಮಣ್ಣು ಹಾಕಿದ್ದಾಯಿತು. ಜಹಾಂಗೀರನೂ ಒಂದು ಹಿಡಿ ಹಾಕಿ ಪಕ್ಕಕ್ಕೆ ಸರಿದು ನಿಂತು ತುಟಿಯಲ್ಲೇ ಏನೋ ಹೇಳಿಕೊಂಡ.

ಎಲ್ಲರೂ ಹೊಳೆಗಿಳಿದು ಮುಳುಗೆದ್ದು ದಡ ಹತ್ತಿದರು. ಕೆಂಪರಾಜು ನೀರಲ್ಲೇ ಉಳಿದ. ದಡದ ಕಲ್ಲಿನ ಮೇಲೆ ವೀಣ ಒಣಪಂಚೆ ಹಿಡಿದು ಕಾಯುತ್ತಿದ್ದಳು.

"ಕೂಗಿದ್ಲೇನೋ ಕಣವ್ವ ನೆನ್ನೆ," ಎಂದ ಅವನು ನೀರನ್ನೇ ನೋಡುತ್ತಾ. "ಕೂಗಿದ್ರೂ ನಂಗೆಲ್ ಕೇಳ್ತಿತ್ತು?"

ವೀಣ ಕಲ್ಲಿನಿಂದ ಇಳಿದು ನೀರಿನ ಅಂಚಿಗೆ ಬಂದಳು.

"ಕೂಗಿರಾಕಿಲ್ಲ ಕಣಪ್ಪ," ಎಂದಳು. "ನೀನ್ ಮಲ್ಗಿದ್ದಾಗ ಅವ್ವ ಯಾವತ್ತು ಕೂಗಿದ್ಲು?"

ಅದು ಅವನಿಗೆ ಸಮಾಧಾನವಾಯಿತೋ, ಇನ್ನಷ್ಟು ನೋಯಿಸಿತೋ ಅವಳಿಗೆ ತಿಳಿಯಲಿಲ್ಲ. ಅವನು ಬೊಗಸೆಯಲ್ಲಿ ನೀರು ಎತ್ತಿ ಮುಖಕ್ಕೆ ಹಾಕಿಕೊಂಡ. ಆಚೆ ದಡದ ಪೊದೆಯೊಳಗಿಂದ ಹಕ್ಕಿಯೊಂದರ ಗುಡುಗುಡು ದನಿ ಎದ್ದು ನೀರಿನ ಮೇಲೆ ಹರಡಿತು. ಅವನ ಬೊಗಸೆ ಅಲ್ಲೇ ನಿಂತಿತು.

"ಕೆಂಬೂತ ಅಲ್ವಾ ಅದು?"

"ಊಂ ಕಣಪ್ಪ."

"ನಾನ್ ಚಿಕ್ಕುಡ್ಗ ಆಗಿದ್ದಾಗ ಕೇಳಿದ್ದು. ಓಯ್ತು, ಈಗೆಲ್ಲಾ ಇಲ್ಲ ಅಂದ್ಕೊಂಡಿದ್ದೆ."

"ನಮ್ ಇತ್ಲಲ್ಲೇ ಕೂಗ್ತದಲ್ಲಪ್ಪ."

"ಯಾವಾಗ?"

"ದಿನಾ. ಮಧ್ಯಾನ್ದ ಒತ್ತು."

ಉಳಿದವರು ರಸ್ತೆ ಸೇರಿದ್ದರು. ಸೊಂಟದ ಮಟ್ಟದ ನೀರಿನಲ್ಲಿ, ಒದ್ದೆ ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಕೆಂಪರಾಜು ಇನ್ನೊಂದು ಕೂಗಿಗೆ ಕಾಯುತ್ತಾ ನಿಂತಿದ್ದ.