ಕಿವಿ ಮೇಸ್ತ್ರಿಯ ನೂರಕ್ಕೆ ನೂರು

ಮೋಟಾರಿನ ಮೈಗೆ ಸ್ಕ್ರೂಡ್ರೈವರಿನ ತುದಿ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಯಾವ ಬೇರಿಂಗ್ ಸವೆದಿದೆ ಎಂದು ಬಿಚ್ಚುವ ಮೊದಲೇ ಹೇಳುತ್ತಿದ್ದುದರಿಂದ ವರ್ಕ್‌ಶಾಪಿನಲ್ಲಿ ಅವರಿಗೆ ಕಿವಿ ಮೇಸ್ತ್ರಿ ಎಂದೇ ಹೆಸರು. ಮೂವತ್ತು ವರ್ಷಗಳಲ್ಲಿ ಹೆಂಡತಿ ಕರೆದದ್ದು ಮಾತ್ರ ಆ ಕಿವಿಗೆ ಬಿದ್ದ ದಾಖಲೆಯಿಲ್ಲ.

ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡು ಕೀಮೋ ಶುರುವಾದಾಗ ಡಾಕ್ಟರಮ್ಮ ಬಿಡಿಸಿ ಹೇಳಿದರು. "ಈ ಔಷಧಿ ಗಡ್ಡೆ ಜೊತೆ ಕಿವಿಯೊಳಗಿನ ಸಣ್ಣ ಕೂದಲಿನಂಥ ಜೀವಕೋಶಗಳನ್ನೂ ಸುಡಬಹುದು. ಅವು ಸತ್ರೆ ಮತ್ತೆ ಹುಟ್ಟಲ್ಲ. ಪ್ರತಿ ಸಲ ಕಿವಿ ಪರೀಕ್ಷೆ ಮಾಡ್ತೀವಿ. ಕೇಳಿಸೋದು ಸ್ವಲ್ಪ ಕಮ್ಮಿಯಾಗಿದ್ರೂ ಸಾಕು, ಉಳಿದ ಕೋಶ ಕಾಪಾಡೋಕೆ ಇನ್ನೊಂದು ಡ್ರಿಪ್ ಇದೆ, ಕೀಮೋ ಆಗಿ ಆರು ಗಂಟೆ ಬಿಟ್ಟು ಕೊಡ್ತೀವಿ."

"ಈಗ್ಲೇ ಕೊಟ್ಬಿಡಿ ಡಾಕ್ಟ್ರೇ" ಎಂದಳು ಹೆಂಡತಿ.

"ಅದು ಗಡ್ಡೆಯನ್ನೂ ಕಾಪಾಡಿಬಿಟ್ರೆ ಕಷ್ಟ ಅಮ್ಮ. ಬೇಕಾದಾಗ ಮಾತ್ರ."

ತಲೆಗೂದಲು ಉದುರಿದಾಗ ಇಡೀ ಬಳಗ ಬಂದು ಕಣ್ಣೀರು ಹಾಕಿ, ಕಾಫಿ ಕುಡಿದು ಹೋಯಿತು. ಮತ್ತೆ ಬೆಳೆಯುವ ಕೂದಲಿಗೇ ಜನ ಅಳುವುದು.

ಎರಡನೇ ಕೀಮೋ ಆದಮೇಲೆ ಮೇಸ್ತ್ರಿಗಳು ಗಾಜಿನ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತರು. ಶಬ್ದ ಕೇಳಿದಾಗಲೆಲ್ಲ ಗುಂಡಿ ಒತ್ತಬೇಕು. ಮಾತಿನಂಥ ದಪ್ಪ ದನಿಗಳು ಕೇಳಿದವು, ಕೀರಲು ದನಿಗಳು ಕೇಳಲೇ ಇಲ್ಲ. ಆದರೆ ಗಾಜಿನಾಚೆ ಯಂತ್ರದ ಮುಂದೆ ಕೂತ ಹುಡುಗಿ ಶಬ್ದ ಬಿಡುವಾಗಲೆಲ್ಲ ಮೊಣಕೈ ಎತ್ತುತ್ತಿದ್ದಳು. ಮೊಣಕೈ ಎದ್ದಿತು, ಮೇಸ್ತ್ರಿಗಳು ಒತ್ತಿದರು. ಕಿವಿ ಮೇಸ್ತ್ರಿಗೆ ಕಿವಿ ಮಂದ ಎಂದು ವರ್ಕ್‌ಶಾಪಿಗೆ ಗೊತ್ತಾದರೆ ಮಾನ ಉಳಿದೀತೆ? ಫಲಿತಾಂಶ ನೂರಕ್ಕೆ ನೂರು; ಇನ್ನೊಂದು ಡ್ರಿಪ್ ಬೇಡವೆಂದಾಯಿತು. ತಮ್ಮ ಕಾಲ ಮೇಲೆ ತಾವೇ ಚಪ್ಪಡಿ ಎಳೆದುಕೊಂಡು, ಉದುರಿಹೋದ ಮೀಸೆ ತಿರುವುತ್ತ ಹೊರಬಂದರು.

ಆ ವಾರ ಒಲೆಯ ಮೇಲೆ ಕೆಟಲ್ ಒಂದೇ ಸಮನೆ ಸೀಟಿ ಹೊಡೆಯುತ್ತಿತ್ತು. ಪಕ್ಕದಲ್ಲೇ ಮೇಸ್ತ್ರಿಗಳು ಆರಾಮಾಗಿ ಪೇಪರ್ ಓದುತ್ತಿದ್ದರು. ಹಿತ್ತಲಿನಿಂದ ಓಡಿ ಬಂದ ಹೆಂಡತಿ ಒಲೆ ಆರಿಸಿ ಅವರನ್ನೇ ನೋಡಿದಳು. ಬೈಯಲಿಲ್ಲ. ಅವಳು ಬೈಯದಿದ್ದುದಕ್ಕೆ ಮೇಸ್ತ್ರಿಗಳಿಗೆ ಮೊದಲ ಸಲ ಹೆದರಿಕೆಯಾಯಿತು.

ಮೂರನೇ ಕೀಮೋಗೆ ಮುಂಚಿನ ಪರೀಕ್ಷೆಯಲ್ಲಿ ಅವಳು ಗಾಜಿನ ಮೇಲೆ ತನ್ನ ಶಾಲು ಇಳಿಬಿಟ್ಟಳು. ಇಸ್ಪೀಟಿನಲ್ಲೂ ಎದುರಿನವರ ಕನ್ನಡಕದಲ್ಲಿ ಎಲೆ ನೋಡಿ ಆಡುವ ಗಂಡ ಅವಳಿಗೆ ಹೊಸಬನೇನಲ್ಲ.

ಹತ್ತು ನಿಮಿಷಕ್ಕೆ ಮೇಸ್ತ್ರಿಗಳು ರೇಗುತ್ತ ಹೊರಬಂದರು. "ಯಂತ್ರ ಕೆಟ್ಟಿದೆ. ಅರ್ಧಕ್ಕರ್ಧ ಶಬ್ದಾನೇ ಬರ್ತಿಲ್ಲ."

"ಹಾಗಾದ್ರೆ ನೀವೇ ನೋಡಿಬಿಡಿ ರೀ. ರಿಪೇರಿ ನಿಮ್ಮ ಕಸುಬು ತಾನೇ?"

ಹುಡುಗಿ ಅದೇ ಕೀರಲು ಶಬ್ದವನ್ನು ಮೇಜಿನ ಮೇಲಿದ್ದ ಸ್ಪೀಕರಿಗೆ ಹಾಯಿಸಿದಳು, ಜೋರಾಗಿಯೇ. ಮೇಸ್ತ್ರಿಗಳು ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ತುದಿಯನ್ನು ಸ್ಪೀಕರಿಗೆ ಒತ್ತಿ, ಹಿಡಿಯನ್ನು ಬಲಗಿವಿಗೆ ಆನಿಸಿದರು. ಆಮೇಲೆ ಎಡಗಿವಿಗೆ. "ನೋಡಿದ್ಯೇನೇ? ಪೂರ್ತಿ ಸತ್ತಿದೆ!" ಎಂದು ಗೆದ್ದ ಹುಮ್ಮಸ್ಸಿನಲ್ಲಿ ತಿರುಗಿದರು.

ಹುಡುಗಿಯೂ ಹೆಂಡತಿಯೂ ಮುಖ ಹಿಂಡಿ ಎರಡೂ ಕಿವಿ ಮುಚ್ಚಿಕೊಂಡು ನಿಂತಿದ್ದರು.

ಮೇಸ್ತ್ರಿಗಳ ಕೈ ತಾನಾಗಿ ಇಳಿಯಿತು. ಹುಡುಗಿ ಯಂತ್ರ ನಿಲ್ಲಿಸಿದಳು. ಅದು ನಿಂತದ್ದೂ ಅವರಿಗೆ ತಿಳಿದದ್ದು ಹೆಂಡತಿ ಕಿವಿಯಿಂದ ಕೈ ತೆಗೆದಾಗಲೇ. ಅವಳ ಕಣ್ಣು ತುಂಬಿತ್ತು.

ಸ್ಕ್ರೂಡ್ರೈವರನ್ನು ಅವಳ ಕೈಗಿಟ್ಟು ಮೇಸ್ತ್ರಿಗಳು ತಗ್ಗಿದ ದನಿಯಲ್ಲಿ ಹೇಳಿದರು: "ಆ ಇನ್ನೊಂದು ಡ್ರಿಪ್ ಕೊಡೋಕೆ ಹೇಳೇ. ನೀನು ಬೈಯೋದಾದ್ರೂ ಉಳೀಲಿ."