ಕಟ್ಟಿಗೆ ಖೋಲಿಯ ಗಿಡಗಳು

ನಲವತ್ತೆರಡನೆಯ ಇಸವಿಯ ಗಣೇಶ ಚೌತಿ ಕಳೆದ ಮೇಲೆ, ಸುರಿಯುವ ಮಳೆಯಲ್ಲಿ, ರಮಾಕಾಂತ ಧಾರವಾಡದ ಮಾಳಮಡ್ಡಿಯಲ್ಲಿದ್ದ ತನ್ನ ಮೌಶಿಯ, ಅಂದರೆ ತಾಯಿಯ ತಂಗಿಯ, ಮನೆಯ ಹಿತ್ತಲ ಬಾಗಿಲು ತಟ್ಟಿದ. ಹುಬ್ಬಳ್ಳಿಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದವನು. ಅವನ ಹೆಸರಿಗೆ ವಾರಂಟು ಹೊರಟು ತಿಂಗಳಾಗಿತ್ತು. ಬಾಗಿಲು ತೆರೆದ ಮೌಶಿ ಅಂಬಾಬಾಯಿ ಏನೂ ಕೇಳದೆ ರಟ್ಟೆ ಹಿಡಿದು ಒಳಗೆಳೆದುಕೊಂಡರು. ಕೇಳಿದವರು ಅವರ ಗಂಡ.

ಯಜ್ಞೇಶ್ವರರಾಯರು ಮಾಮಲೇದಾರರಾಗಿ ನಿವೃತ್ತರಾದವರು. ಪಡಸಾಲೆಯಲ್ಲಿ ಕಲೆಕ್ಟರ್ ಸಾಹೇಬರ ಜೊತೆ ತೆಗೆಸಿಕೊಂಡ ಫೋಟೋ ಇತ್ತು. ತಿಂಗಳಾದರೆ ಸರಕಾರದ ಪಿಂಚಣಿ ಬರುತ್ತಿತ್ತು. ಏನು ಮಾಡಿ ಬಂದಿದ್ದೀ ಎಂದು ಅವರು ಕೇಳಿದಾಗ, ಗೋಡೆಗೆ ಕರಪತ್ರ ಹಚ್ಚಿದೆ, ಹುಡುಗರನ್ನು ಮೆರವಣಿಗೆಗೆ ಕರೆದೊಯ್ದೆ ಎಂದು ರಮಾಕಾಂತ ಹೇಳಿದ. ಅದು ಸುಳ್ಳಲ್ಲ. ಆದರೆ ಪೂರಾ ಖರೆಯೂ ಅಲ್ಲ. ರಾಯರು ಹೆಂಡತಿಯ ಮುಖ ನೋಡಿ, ಅವನನ್ನು ಇಟ್ಟುಕೊಳ್ಳಲು ಒಪ್ಪಿದರು.

ಬಚ್ಚಲಿಗೂ ಬಾವಿಗೂ ನಡುವೆ ಒಂದು ಕಟ್ಟಿಗೆ ಖೋಲಿ ಇತ್ತು. ಅವನು ಅಲ್ಲೇ ಇರಬೇಕು, ಹಗಲು ಹೊರಗೆ ಬರಬಾರದು, ಕೆಮ್ಮು ಬಂದರೆ ಬಾಯಿಗೆ ಬಟ್ಟೆ ಒತ್ತಿಕೊಳ್ಳಬೇಕು ಎಂದು ರಾಯರು ಹೇಳಿದರು. ಹೊರಗಿನಿಂದ ಬೀಗ ಬಿತ್ತು. ಬೀಗ ಹಾಕಿದ ಖೋಲಿಯಲ್ಲಿ ಮನುಷ್ಯ ಇರುತ್ತಾನೆಂದು ಯಾರೂ ಎಣಿಸುವುದಿಲ್ಲ ಎಂಬುದು ಅವರ ಲೆಕ್ಕ. ಕೀಲಿಕೈ ಅಂಬಾಬಾಯಿಯ ಸೊಂಟ ಸೇರಿತು.

ಖೋಲಿಗೆ ಒಂದೇ ಕಿಂಡಿ. ಅದರೊಳಗಿಂದ ಬಟ್ಟೆ ಒಗೆಯುವ ಕಲ್ಲು, ಆಚೆಗೆ ಓಣಿಯ ಒಂದು ತುಂಡು ಕಾಣುತ್ತಿತ್ತು. ವಾರ ಕಳೆಯುವುದರೊಳಗೆ ಓಣಿಯ ಮೂಲೆಯ ಕಟ್ಟೆಗೆ ದುರಗಪ್ಪನೆಂಬ ಪೊಲೀಸನೊಬ್ಬ ಬಂದು ಕೂತ. ವಾರಂಟಿನವನ ಬಳಗದ ಮನೆಗಳ ಮೇಲೆಲ್ಲ ಕಣ್ಣಿಟ್ಟಿದ್ದರು. ಅಂಬಾಬಾಯಿ ದಿನವೂ ಮಧ್ಯಾಹ್ನ ಅವನಿಗೆ ಒಂದು ತಂಬಿಗೆ ಮಜ್ಜಿಗೆ ಕೊಡತೊಡಗಿದರು. ಹಾಗೆ ಕೊಟ್ಟು ಬಂದವರು ಅದೇ ಕೈಯಿಂದ ಖೋಲಿಯ ಬೀಗ ತೆಗೆದು ರಮಾಕಾಂತನಿಗೆ ಊಟ ಇಡುತ್ತಿದ್ದರು. ನವರಾತ್ರಿ ಬಂದರೂ ಆ ವರ್ಷ ಅರಿಷಿಣ ಕುಂಕುಮಕ್ಕೆ ಯಾರನ್ನೂ ಕರೆಯಲಿಲ್ಲ. ನೆರೆಯವರಿಗೆ ಮೈಯಲ್ಲಿ ಹುಷಾರಿಲ್ಲ ಎಂದು ಹೇಳಿ ಹೇಳಿ, ನಿಜಕ್ಕೂ ಅವರ ಮುಖ ಇಳಿದುಹೋಗಿತ್ತು.

ದಸರೆ ಮುಗಿದ ಮೇಲೆ ಟಾಂಗಾದ ಬಾಬುಸಾಬ ರೈಲ್ವೆ ಸ್ಟೇಷನ್ನಿನಿಂದ ಒಂದು ಮರದ ಪೆಟ್ಟಿಗೆ ತಂದು ಹಿತ್ತಲಲ್ಲಿ ಇಳಿಸಿದ. ಆ ಪೆಟ್ಟಿಗೆಗಾಗಿ ರಾಯರು ಶ್ರಾವಣದಿಂದ ಕಾದಿದ್ದರು. ಕಾಲಿಂಪಾಂಗ್ ಕಡೆಯ ನರ್ಸರಿಯೊಂದರಿಂದ ತರಿಸಿದ ಆರ್ಕಿಡ್ ಗಿಡಗಳು ಅದರಲ್ಲಿದ್ದವು. ನೌಕರಿ ಬಿಟ್ಟ ಮೇಲೆ ರಾಯರಿಗೆ ಹತ್ತಿದ ಒಂದೇ ಹುಚ್ಚು ಅದು. ಹಳಿಯಾಳದ ದಾರಿಯ ಮಾವಿನ ಮರದ ಮೇಲೆಲ್ಲ ಬೆಳೆಯುವ ಬದನಿಕೆಯನ್ನು ಯಾರಾದರೂ ರೈಲಿನಲ್ಲಿ ತರಿಸುತ್ತಾರೆಯೇ ಎಂದು ಅಂಬಾಬಾಯಿ ನಗುತ್ತಿದ್ದರು. ಇವು ಬದನಿಕೆಯಲ್ಲ, ಮರದ ರಸ ಹೀರುವುದಿಲ್ಲ, ಗಾಳಿಯಲ್ಲಿ ಬೇರು ಬಿಟ್ಟು ಬದುಕುತ್ತವೆ ಎಂದು ರಾಯರು ಎಷ್ಟು ಸಲ ಹೇಳಿದರೂ ಅವರ ಬಾಯಲ್ಲಿ ಅದು ಬದನಿಕೆಯೇ.

ಮುಚ್ಚಳ ತೆಗೆದಾಗ ಬಂದ ವಾಸನೆಗೆ ಬಾಬುಸಾಬ ಹಿಂದೆ ಸರಿದ. ನೆನೆದ ಗೋಣಿಚೀಲದೊಳಗೆ ಇಲಿ ಸತ್ತಂಥ ವಾಸನೆ. ಗಿಡಗಳಿಗೆ ಸುತ್ತಿದ್ದ ಪಾಚಿ ಕಪ್ಪಾಗಿ ಲೋಳೆಯಾಗಿತ್ತು. ಗದಗಿನಾಚೆ ಒಂದು ಸಣ್ಣ ಸ್ಟೇಷನ್ ಸುಟ್ಟು ಹಳಿ ಕಿತ್ತಿದ್ದರಿಂದ ಸಾಮಾನೆಲ್ಲ ವಾರಗಟ್ಟಲೆ ಬಯಲಲ್ಲಿ ಮಳೆಗೆ ಬಿದ್ದಿತ್ತಂತೆ ಎಂದು ಬಾಬುಸಾಬ ಹೇಳಿ ಹೋದ.

ರಾಯರು ಒಂದು ಗಿಡ ಎತ್ತಿಕೊಂಡು ಬೇರು ಒತ್ತಿದರು. ಕಂದು ನೀರು ಒಸರಿತು. ಸಿಪ್ಪೆ ಜಾರಿ, ಒಳಗಿನ ದಾರವಷ್ಟೇ ಬೆರಳಲ್ಲಿ ಉಳಿಯಿತು. ಚಾಕು ತರಿಸಿ ಕತ್ತರಿಸಲು ಕೂತರು. ಆದರೆ ಅವರ ಕೈಗೆ ಎರಡು ವರ್ಷದಿಂದ ನಡುಕದ ರೋಗ. ಮೊದಲನೆಯ ಗಿಡದಲ್ಲೇ ಚಾಕು ಜಾರಿ ಗಟ್ಟಿಯಾಗಿದ್ದ ಒಂದೇ ಬೇರನ್ನೂ ಕತ್ತರಿಸಿಬಿಟ್ಟಿತು. ಅವರು ಪೆಟ್ಟಿಗೆಯನ್ನು ಎಳೆಸಿಕೊಂಡು ಬಂದು ಕಟ್ಟಿಗೆ ಖೋಲಿಯ ಬೀಗ ತೆಗೆಸಿದರು.

"ನಿನ್ನ ಕೈ ನಡಗೂದಿಲ್ಲಲ್ಲ? ಕೂಡು. ನಾ ಹೇಳಿದಂಗ ಮಾಡು," ಎಂದರು.

ಅಂದಿನಿಂದ ಇಬ್ಬರಿಗೂ ಅದೇ ಕೆಲಸ. ಶೇಗಡಿಯ ಕೆಂಡದಲ್ಲಿ ಚಾಕು ಕಾಯಿಸಿ ಆರಿಸಬೇಕು. ಬೇರುಗಳನ್ನು ಒಂದೊಂದಾಗಿ ಒತ್ತಿ ನೋಡಿ, ಮೆತ್ತಗಾದದ್ದನ್ನೆಲ್ಲ ಬಿಳಿ ಗಟ್ಟಿ ಭಾಗ ಸಿಗುವವರೆಗೆ ಕತ್ತರಿಸಬೇಕು. ಗಾಯಕ್ಕೆ ಇದ್ದಿಲ ಪುಡಿ, ಗಂಧಕ. ಹಲವು ಗಿಡಗಳಿಗೆ ಕತ್ತರಿಸುತ್ತ ಹೋದಂತೆ ಒಂದು ಬೇರೂ ಉಳಿಯಲಿಲ್ಲ. ಸುಕ್ಕಾದ ಗಡ್ಡೆ, ಎರಡು ಎಲೆ ಅಷ್ಟೇ. ಅವನ್ನೂ ಎಸೆಯಲು ರಾಯರು ಬಿಡಲಿಲ್ಲ. ದಾರ ಕಟ್ಟಿ ತಲೆಕೆಳಗಾಗಿ ಜಂತಿಗೆ ತೂಗಹಾಕಿಸಿದರು. ಕಿಂಡಿಯ ಮಸುಕು ಬೆಳಕು, ಗೋಡೆಯ ತಂಪು ಅವಕ್ಕೆ ಒಗ್ಗುತ್ತದೆ ಎಂದರು. ಹಾಗೆ ರಮಾಕಾಂತನ ಖೋಲಿ ಇನ್ನೂ ಕಿರಿದಾಯಿತು. ಎದ್ದು ನಿಂತರೆ ಎಲೆಗಳು ಹಣೆಗೆ ತಾಗುತ್ತಿದ್ದವು.

ಅವು ಬಾಡಿರುವುದನ್ನು ನೋಡಿ ಅವನು ಒಂದು ದಿನ ನೀರು ಹಾಕಹೋದ. ರಾಯರು ತಡೆದರು. "ಬ್ಯಾಡ. ನೀರು ಕಂಡ್ರ ಮತ್ತ ಕೊಳೀತಾವ. ಗೋಡಿಗೆ ಹಸಿ ಗೋಣಿ ಹಾಕು, ಸಾಕು. ಬಾಯಾರಿದ್ರನ ಬೇರು ಬಿಡತಾವ."

ಕೆಲಸ ಮಾಡುತ್ತ ರಾಯರು ಹಳಿ ಕಿತ್ತವರನ್ನು, ಸ್ಟೇಷನ್ ಸುಟ್ಟವರನ್ನು ಬೈಯುತ್ತಿದ್ದರು. ಏರುದನಿ ಇಲ್ಲ, ಕಚೇರಿಯಲ್ಲಿ ತೀರ್ಪು ಹೇಳುವವರ ಹಾಗೆ. ರಮಾಕಾಂತ ತಲೆ ಎತ್ತದೆ ಕತ್ತರಿಸುತ್ತಿದ್ದ. ಗದಗಿನಾಚೆಯ ಆ ಸಣ್ಣ ಸ್ಟೇಷನ್ನಿಗೆ ಆಗಸ್ಟಿನಲ್ಲಿ ಬೆಂಕಿ ಹಚ್ಚಿದ ಗುಂಪಿನ ಮುಂದಾಳು ಅವನೇ. ಮುಗದ ಹಳ್ಳಿಯ ರೈತ ಉಳವಪ್ಪ ಹಳಿಯ ಬೋಲ್ಟು ಬಿಚ್ಚುವಾಗ ಕಂದೀಲು ಹಿಡಿದು ನಿಂತವನೂ ಅವನೇ. ಸ್ಟೇಷನ್ ಮಾಸ್ತರನ ಸಂಸಾರವನ್ನು ಮೊದಲು ದೂರ ಕಳಿಸಿದ್ದರು. ಒಂದು ಜೀವಕ್ಕೂ ಅಪಾಯವಾಗಿರಲಿಲ್ಲ. ಆ ರಾತ್ರಿಯನ್ನು ನೆನೆದಾಗಲೆಲ್ಲ ಅವನಿಗೆ ಎದೆ ಉಬ್ಬುತ್ತಿತ್ತು. ಈಗ ಅದೇ ರಾತ್ರಿ ಕೊಳೆತ ಬೇರಾಗಿ ಅವನ ಉಗುರ ಸಂದಿಯಲ್ಲಿ ಕೂತಿತ್ತು; ಎಷ್ಟು ತೊಳೆದರೂ ವಾಸನೆ ಹೋಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಪೊಲೀಸ್ ಫೌಜದಾರ ಬಂದ. ಹಿಂದೆ ರಾಯರ ಕೈಕೆಳಗಿನ ತಾಲೂಕಿನಲ್ಲಿ ಇದ್ದವನಂತೆ. ಕೈಮುಗಿದು, ಚಹಾ ಕುಡಿದು, ರಮಾಕಾಂತನ ಸುದ್ದಿ ಏನಾದರೂ ಬಂತೇ ಎಂದು ಸಂಕೋಚದಿಂದಲೇ ಕೇಳಿದ. ಬಂದಿಲ್ಲ ಎಂದರು ರಾಯರು. ಮೂವತ್ತು ವರ್ಷ ಸರಕಾರಿ ಕಾಗದಕ್ಕೆ ಸಹಿ ಮಾಡಿದ ಮನುಷ್ಯ ಸರಕಾರದ ಮುಂದೆ ಹೇಳಿದ ಮೊದಲ ಸುಳ್ಳು ಅದು. ಫೌಜದಾರ ಎದ್ದು, ಮೇಲಿನವರ ಹುಕುಂ ಇದೆ ಎಂದು ಹೇಳಿ, ಮನೆಯೊಳಗೆಲ್ಲ ಸುತ್ತಿ ಹಿತ್ತಲಿಗೆ ಬಂದ.

ಕಿಂಡಿಯ ಪಕ್ಕದ ಗೋಡೆಗೆ ಬೆನ್ನು ಒತ್ತಿ ರಮಾಕಾಂತ ನಿಂತಿದ್ದ. ಖಾಕಿ ತೋಳು ಒಗೆಯುವ ಕಲ್ಲನ್ನು ದಾಟಿದ್ದು ಕಂಡಿತು. ಬೀಗ ಅಲುಗಿದ ಸದ್ದು.

"ಇದರಾಗ ಏನೈತ್ರಿ ರಾಯರ?"

ರಾಯರು ಬಾಯಿ ತೆರೆಯುವ ಮೊದಲೇ ಅಂಬಾಬಾಯಿಯೇ ಬಂದು, ಕತ್ತರಿಸಿದ ಬೇರು ತುಂಬಿದ್ದ ಬಕೆಟ್ಟಿನ ಮೇಲಿನ ಹಲಗೆಯನ್ನು ಸರಿಸಿದರು. ಇವರು ತರಿಸಿದ ಗಿಡ ಕೊಳೆತು ನಾರುತ್ತಿವೆ, ಒಳಗೆ ಇನ್ನೂ ಇವೆ, ಬೀಗ ತೆಗೆಯಲೇ ಎಂದು ಕೇಳಿದರು. ಫೌಜದಾರ ಮೂಗಿಗೆ ರುಮಾಲು ಒತ್ತಿಕೊಂಡು, ಬೇಡ ಬಿಡಿ ತಾಯಿ ಎಂದು ಬಾವಿಯ ಕಡೆ ನಡೆದ. ಅವನು ಹೋದ ಮೇಲೆ ಅಂಬಾಬಾಯಿ ಖೋಲಿಯ ಬಾಗಿಲಿಗೆ ಆತು ನೆಲಕ್ಕೆ ಕೂತರು. ಅವರ ಉಸಿರು ಏರಿಳಿಯುವುದು ಬಾಗಿಲ ಹಲಗೆಯ ಈಚೆಗೂ ರಮಾಕಾಂತನಿಗೆ ಕೇಳುತ್ತಿತ್ತು.

ದೀಪಾವಳಿ ಹತ್ತಿರ ಬಂದಾಗ ಬಾಬುಸಾಬನ ಬಾಯಿಂದ ಇನ್ನೊಂದು ಸುದ್ದಿ ಬಂತು. ಮುಗದದ ಉಳವಪ್ಪನನ್ನು ಹಿಡಿದಿದ್ದಾರೆ. ಸ್ಟೇಷನ್ ಸುಟ್ಟ ಮುಖ್ಯ ಆರೋಪಿ ಅವನೇ ಎಂದು ಬರೆದುಕೊಂಡು, ಉಳಿದವರ ಹೆಸರು ಹೇಳೆಂದು ದಿನವೂ ಬಡಿಯುತ್ತಿದ್ದಾರೆ. ಅಂಬಾಬಾಯಿ ಊಟ ಬಡಿಸುತ್ತ ಅದನ್ನು ಊರ ಸುದ್ದಿಯೆಂದೇ ಹೇಳಿದರು. ರಮಾಕಾಂತ ಕಲಸಿದ ಅನ್ನವನ್ನು ಹಾಗೇ ಬಿಟ್ಟ.

ಸಂಜೆ ರಾಯರು ಬಂದಾಗ ಅವನು ಚಾಕು ಕೆಳಗಿಟ್ಟ. "ಕಾಕಾ, ಆ ಸ್ಟೇಷನ್ನಿಗೆ ಬೆಂಕಿ ಹಚ್ಚಿಸಿದಾಂವ ನಾನ. ಹಳಿ ಬಿಚ್ಚಿಸಿದ್ದೂ ನಾನ. ಉಳವಪ್ಪ ನನ್ನ ಮಾತು ಕೇಳಿ ಬಂದಾಂವ. ನಾಳೆ ಹೋಗಿ ಹಾಜರಾಗ್ತೀನಿ."

ರಾಯರು ಜಂತಿಯಿಂದ ತೂಗುತ್ತಿದ್ದ ಗಿಡಗಳನ್ನು ಒಂದೊಂದಾಗಿ ನೋಡಿದರು. 

"ಎಲ್ಲಿದ್ದಿ ಇಷ್ಟು ದಿನಾ ಅಂತ ಕೇಳ್ತಾರ, ಏನ ಹೇಳ್ತಿ?" ಎಂದರು ಕೊನೆಗೆ. "ಫೌಜದಾರನ ಮುಂದ ನಾ ಸುಳ್ಳು ಹೇಳೀನಿ. ನಿನ್ನ ಮೌಶಿ ಬೀಗ ಹಾಕ್ಯಾಳ. ನೀ ಈ ಓಣಿಯೊಳಗ ಕಾಣಿಸಿಕೊಂಡ್ರ ನಿನ್ನ ಹಿಂದ ನಾವಿಬ್ರೂ ಜೇಲಿಗೆ ಬರತೀವಿ. ನಿನಗ ಹಾಜರಾಗೂ ಹಾದಿನೂ ಇಲ್ಲೋ."

ಅವರು ಹೊರಗೆ ಹೋದರು, ಬೀಗ ಬಿತ್ತು. ಆಮೇಲೆ ಹಲವು ದಿನ ಅವರು ಖೋಲಿಗೆ ಬರಲಿಲ್ಲ.

ಆ ದಿನಗಳು ರಮಾಕಾಂತನಿಗೆ ಎಲ್ಲಕ್ಕಿಂತ ಕಠಿಣವಾದವು. ಒಳಗಿರುವುದು ಉಳವಪ್ಪನಿಗೆ ದ್ರೋಹ, ಹೊರಗೆ ಹೋಗುವುದು ಅನ್ನ ಹಾಕಿದವರಿಗೆ ದ್ರೋಹ. ಕಿಂಡಿಯ ಬೆಳಕು ಬಾಗಿಲಿನಿಂದ ಕಟ್ಟಿಗೆಯ ಒಟ್ಟಿಲಿಗೆ, ಅಲ್ಲಿಂದ ಗೋಡೆಗೆ ಹರಿದು ಆರುವುದನ್ನು ನೋಡುತ್ತ ಕೂರುತ್ತಿದ್ದ. ಓಣಿಯಲ್ಲಿ ದುರಗಪ್ಪನ ಕೆಮ್ಮು ಕೇಳುತ್ತಿತ್ತು; ಅವನು ಯಾವಾಗ ಬೀಡಿ ಹಚ್ಚುತ್ತಾನೆ, ಯಾವಾಗ ತೂಕಡಿಸುತ್ತಾನೆ ಎಲ್ಲ ಗೊತ್ತಾಗಿಹೋಗಿತ್ತು. ಬೇರೆ ಕೆಲಸವಿಲ್ಲದೆ ಗೋಣಿ ಹಸಿ ಮಾಡಿದ, ಮತ್ತೆ ಕೊಳೆಯತೊಡಗಿದ ಗಿಡಗಳನ್ನು ಬೇರೆ ಇಟ್ಟ. ಅರ್ಧಕ್ಕೂ ಹೆಚ್ಚು ಸತ್ತವು.

ಒಂದು ಮುಂಜಾನೆ, ತಲೆಕೆಳಗಾಗಿ ತೂಗುತ್ತಿದ್ದ ಒಂದು ಗಿಡದ ಬುಡದಲ್ಲಿ ಮೆಂತ್ಯದ ಮೊಳಕೆಯಷ್ಟು ಹಸಿರು ಮೊನೆ ಕಂಡಿತು. ಬೆರಳು ಮುಟ್ಟಿಸಲು ಹೋಗಿ ಹಿಂದೆಗೆದ. ಯಾರನ್ನಾದರೂ ಕೂಗಿ ಕರೆಯಬೇಕೆನಿಸಿತು, ಕೂಗುವ ಹಾಗಿರಲಿಲ್ಲ. ಮಧ್ಯಾಹ್ನ ಊಟ ಬರುವವರೆಗೆ ಅದರ ಕೆಳಗೇ ಕೂತ.

ಅಂಬಾಬಾಯಿ ಹೇಳಿದ್ದಕ್ಕೆ ರಾಯರು ಭೂತಗನ್ನಡಿ ಹಿಡಿದು ಬಂದರು. ಗಾಜು ಅವರ ಕೈಯಲ್ಲಿ ನಿಲ್ಲಲಿಲ್ಲ, ರಮಾಕಾಂತ ಹಿಡಿದ. ಅವರು ಬಹಳ ಹೊತ್ತು ನೋಡಿದರು. ಇನ್ನೆರಡು ಗಿಡಗಳಲ್ಲೂ ಮೊನೆ ಒಡೆಯುತ್ತಿದ್ದುದನ್ನು ತೋರಿಸಿದರು. 

ಹಾಜರಾಗುವ ಮಾತೆತ್ತಿದವರು, ಗಂಡನಿಂದ ಎಲ್ಲ ಕೇಳಿ ತಿಳಿದಿದ್ದ ಅಂಬಾಬಾಯಿ. ಹೊಸ್ತಿಲ ಮೇಲೆ ಕೂತು, ಕೀಲಿಕೈಯನ್ನು ಮುಂದಿಟ್ಟರು.

"ಬೀಗದ ಒಳಗ ನೀ ಒಬ್ಬಾಂವನ ಅದೀ ಅಂತ ತಿಳದೀ ಏನು? ನಾ ಒಂದು ದಿನಾ ಸಮಾಧಾನದಿಂದ ನಿದ್ದಿ ಮಾಡಿಲ್ಲ. ಆ ಉಳವಪ್ಪನ್ನ ಬಡೀಲಿಕ್ಕತ್ತಾರಂತ ಗೊತ್ತಾದ ಮ್ಯಾಲೆ ನಿನಗ ತುತ್ತು ಇಳಿಯೂದಿಲ್ಲ. ಹೋಗು. ಆದ್ರ ನಮ್ಮ ಓಣಿಯೊಳಗ ಅಲ್ಲ, ದೂರ ಸಿಗು."

ಸತ್ತೂರಿನಲ್ಲಿ ಅವರ ಗೆಳತಿಯೊಬ್ಬರಿದ್ದರು; ಅವರನ್ನು ನೋಡಹೋಗುವ ನೆಪ ಸಾಕಿತ್ತು. ಅಂಬಾಬಾಯಿ ನಂಬಿ ಗುಟ್ಟು ಹೇಳಿದ್ದ ಬಾಬುಸಾಬನ ಪರದೆ ಕಟ್ಟಿದ ಟಾಂಗಾ ಮಧ್ಯಾಹ್ನ ಹಿತ್ತಲ ಬಾಗಿಲಿಗೆ ಬಂದು ನಿಂತಿತು. ಹೊರಡುವ ಮೊದಲು ರಾಯರು ರಮಾಕಾಂತನ ತಲೆಯ ಮೇಲೆ ಕೈ ಇಟ್ಟರು. ನಡುಕ ನೆತ್ತಿಗೆ ತಾಗಿತು. ಗಿಡಗಳನ್ನು ಇನ್ನು ಯಾರು ನೋಡುತ್ತಾರೆ ಎಂದು ಅವನು ಕೇಳಿದ. ನಿನ್ನ ಮೌಶಿಯ ಕೈ ಗಟ್ಟಿ ಇದೆ, ಕಲಿಸುತ್ತೇನೆ ಎಂದರು. ಆ ಸ್ಟೇಷನ್ ಸುಟ್ಟದ್ದನ್ನು ತಾನು ಎಂದಿಗೂ ಸರಿ ಎನ್ನುವುದಿಲ್ಲ ಎಂದೂ ಹೇಳಿದರು.

ಮೂಲೆಯಲ್ಲಿ ದುರಗಪ್ಪ ಎದ್ದು ಅಡ್ಡ ಬಂದ. ಶಾಲು ಹೊದ್ದು ಮುದುಡಿ ಕೂತ ರಮಾಕಾಂತನ ಮೊಣಕಾಲು ಅಂಬಾಬಾಯಿಯ ಮೊಣಕಾಲಿಗೆ ಒತ್ತಿತ್ತು. ಅವರು ಪರದೆಯನ್ನು ತಾವೇ ತುಸು ಸರಿಸಿ ಮುಖ ಹೊರಹಾಕಿದರು.

"ದುರಗಪ್ಪಾ, ಸತ್ತೂರಿಗೆ ಹೊಂಟೀನಿ. ಮನಿಯೊಳಗ ಅವರೊಬ್ರ ಇದ್ದಾರ. ಸಂಜೀತನಕ ಒಂದೀಟು ಮನಿಕಡೆ ಲಕ್ಷ್ಯ ಇರಲೆಪಾ."

"ಆತ್ರಿ ಅಮ್ಮಾರ, ನಾ ಇಲ್ಲೇ ಇರತೇನಿ," ಎಂದು ದುರಗಪ್ಪ ಹಿಂದೆ ಸರಿದ.

ಸತ್ತೂರಿನ ಈಚೆ, ಹೊಲಗಳ ನಡುವೆ ಅವನು ಇಳಿದ. ಅಂಬಾಬಾಯಿ ಅಳಲಿಲ್ಲ, ಬೇಗ ಹೋಗು ಎಂದು ಕೈಬೀಸಿದರು. ರಮಾಕಾಂತ ಹುಬ್ಬಳ್ಳಿಯ ದಾರಿ ಹಿಡಿದು ನಡೆದು, ಬೆಳಕಿರುವಾಗಲೇ ಅಲ್ಲಿಯ ಪೊಲೀಸ್ ಚೌಕಿಯ ಮೆಟ್ಟಿಲೇರಿ ತನ್ನ ಹೆಸರು ಹೇಳಿದ. ಎಲ್ಲಿದ್ದೆ ಎಂದು ಕೇಳಿದಾಗ ಹೊಲದ ಗುಡಿಸಲುಗಳಲ್ಲಿ ಎಂದ. ಎಷ್ಟು ಬಡಿದರೂ ಅದನ್ನೇ ಹೇಳಿದ. ಮಾಳಮಡ್ಡಿಯ ಮನೆಯ ಹೆಸರು ಯಾವ ಕಾಗದಕ್ಕೂ ಏರಲಿಲ್ಲ.

ಅವನ ತಪ್ಪೊಪ್ಪಿಗೆಯಿಂದ ಉಳವಪ್ಪನ ಶಿಕ್ಷೆ ಒಂದು ದಿನವೂ ಕಡಿಮೆಯಾಗಲಿಲ್ಲ. ಇಬ್ಬರಿಗೂ ಒಂದೇ ಅವಧಿ, ಸಕ್ತ ಮಜೂರಿಯ ಕಠಿಣ ಸಜೆ. ಹಿಂಡಲಗಿ ಜೇಲಿನ ಅಂಗಳದಲ್ಲಿ ಅವರು ಆಗಸ್ಟಿನ ಆ ರಾತ್ರಿಯ ನಂತರ ಮೊದಲ ಸಲ ಎದುರಾದರು. ಉಳವಪ್ಪನ ಮುಂದಿನ ಹಲ್ಲುಗಳಿರಲಿಲ್ಲ. ಎಡಗೈಯ ಬೆರಳು ಸೊಟ್ಟಗೆ ಕೂಡಿಕೊಂಡಿದ್ದವು. ರಮಾಕಾಂತನನ್ನು ಕಂಡು ಅವನ ಮುಖದಲ್ಲಿ ಸಂತೋಷ ಮೂಡಲಿಲ್ಲ.

"ನೀವ್ಯಾಕ ಬಂದ್ರಿ ಮಾಸ್ತರ?"

ನಿನ್ನನ್ನೊಬ್ಬನನ್ನೇ ಬಿಟ್ಟು ಇರಲಾಗಲಿಲ್ಲ ಎಂದ ರಮಾಕಾಂತ.

ಉಳವಪ್ಪ ನೆಲ ನೋಡಿದ. "ಅವರು ಬಡಿಯೂವಾಗೆಲ್ಲಾ, ಮಾಸ್ತರು ಸಿಕ್ಕಿಲ್ಲ, ಮಾಸ್ತರು ಸಿಕ್ಕಿಲ್ಲ ಅಂತ ಮನಸಿನ್ಯಾಗ ಅಂದಕೊಂಡು ತಡಕೊಂಡೇನ್ರಿ. ಇನ್ನ ಏನಂತ ಅಂದಕೊಳ್ಳಲಿ?"

 ಕಾವಲುಗಾರ ಸೀಟಿ ಊದಿದ. ಕೈದಿಗಳು ಕಲ್ಲು ಒಡೆಯುವ ಕಡೆ ಸಾಲುಗಟ್ಟಿದರು. ಉಳವಪ್ಪ ಮುಂದೆ ಹೋಗಿ ಕೂತು, ಸ್ವಲ್ಪ ಹೊತ್ತಿನ ಮೇಲೆ, ಸೊಟ್ಟ ಕೈಯಿಂದ ಒಂದು ಸುತ್ತಿಗೆಯನ್ನು ರಮಾಕಾಂತನ ಕಡೆಗೆ ಸರಿಸಿದ.